ಮೊಸಳೆ ಬೆನ್ನಟ್ಟಿದರೆ ಅಂಕುಡೊಂಕಾಗಿ ಓಡಬೇಕೇ? ಕಾಕಡುವಿಗೆ ಒಬ್ಬರೇ ಹೊರಡುವ ಮುನ್ನ ತಿಳಿಯಬೇಕಾದ 5 ಸಂಗತಿಗಳು

ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿರುವ ಡಾರ್ವಿನ್ ನಗರದಿಂದ ಆರ್ನಮ್ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಕಾಕಡು ರಾಷ್ಟ್ರೀಯ ಉದ್ಯಾನ ಸಿಗುತ್ತದೆ. ಸುಮಾರು 20 ಸಾವಿರ ಚದರ ಕಿ.ಮೀ. ವಿಸ್ತಾರದ ಈ ಪ್ರದೇಶ 1981ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ತಾವರೆ ತುಂಬಿದ ಜೌಗು, ಸಾವಿರಾರು ಹಕ್ಕಿಗಳು, ಬಂಡೆಯ ಮೇಲಿನ ಪ್ರಾಚೀನ ಚಿತ್ರಗಳು, ಎಲ್ಲವೂ ಇಲ್ಲಿವೆ. ನಮ್ಮಂತೆಯೇ ಅಲ್ಲಿಯೂ ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುವುದರಿಂದ, ಕಾರು ಬಾಡಿಗೆಗೆ ಪಡೆದು ಒಬ್ಬರೇ ಸುತ್ತಿ ಬರುವುದು ಸುಲಭ ಎನಿಸಬಹುದು. ಸುಲಭವೇನೋ ಹೌದು. ಆದರೆ ಇಬ್ಬರು ಇದ್ದಾಗ ಒಬ್ಬರ ತಪ್ಪನ್ನು ಇನ್ನೊಬ್ಬರು ತಡೆಯಬಹುದು. ಒಬ್ಬರೇ ಇದ್ದಾಗ ಆ ಅವಕಾಶ ಇರುವುದಿಲ್ಲ. ಹಾಗಾಗಿ ಫಾರ್ವರ್ಡ್‌ಗಳಲ್ಲಿ ಮತ್ತು ಬಾಯಿಮಾತಿನಲ್ಲಿ ಓಡಾಡುವ ಐದು ನಂಬಿಕೆಗಳನ್ನು ನಾವು ಇಲ್ಲಿ ಪರಿಶೀಲಿಸಿದ್ದೇವೆ.

ನಂಬಿಕೆ 1: ಉಪ್ಪುನೀರಿನ ಮೊಸಳೆ ಸಮುದ್ರದಲ್ಲಿ ಮಾತ್ರ ಇರುತ್ತದೆ

ವಾಸ್ತವ: ಇದು ತಪ್ಪು. ಈ ಮೊಸಳೆಯ ನಾಲಿಗೆಯ ಮೇಲೆ ಉಪ್ಪನ್ನು ಹೊರಹಾಕುವ ಗ್ರಂಥಿಗಳಿವೆ. ಅದರಿಂದ ಅದು ಉಪ್ಪುನೀರಿನಲ್ಲಿ ಬದುಕಬಲ್ಲದು, ಆದರೆ ಅಲ್ಲಿಯೇ ಬದುಕಬೇಕೆಂದೇನಿಲ್ಲ. ಸಮುದ್ರದಿಂದ 100 ಕಿ.ಮೀ.ಗಿಂತ ಹೆಚ್ಚು ಒಳಗಿನ ಸಿಹಿನೀರಿನ ನದಿಗಳಲ್ಲೂ ಅದು ಇರುತ್ತದೆ. ಮಳೆಗಾಲದ ಪ್ರವಾಹದ ಜೊತೆ ಈಜಿಕೊಂಡು ಬಂದು, ನೀರು ಇಳಿದ ಮೇಲೆ ಸಣ್ಣ ಕೊಳಗಳಲ್ಲಿ ಉಳಿದುಬಿಡುತ್ತದೆ. ಬೇಟೆಯಿಂದಾಗಿ ಇವುಗಳ ಸಂಖ್ಯೆ ತೀರಾ ಕುಸಿದಾಗ, 1971ರಲ್ಲಿ ನಾರ್ದರ್ನ್ ಟೆರಿಟರಿ ಪ್ರಾಂತ್ಯದಲ್ಲಿ ರಕ್ಷಣೆ ನೀಡಲಾಯಿತು. ಈಗ ಅಲ್ಲಿ ಸುಮಾರು ಒಂದು ಲಕ್ಷ ಮೊಸಳೆಗಳಿವೆ ಎಂಬ ಅಂದಾಜಿದೆ. ದೊಡ್ಡ ಗಂಡು 5 ಮೀಟರ್‌ಗೂ ಮೀರಿ ಬೆಳೆಯುತ್ತದೆ. ನಮ್ಮ ರಂಗನತಿಟ್ಟು, ದಾಂಡೇಲಿಯಲ್ಲಿ ಕಾಣುವುದು ಬೇರೆ ಜಾತಿ. ಅದನ್ನು ನೋಡಿದ ಅಭ್ಯಾಸದಿಂದ ಇದನ್ನು ಅಳೆಯಬೇಡಿ.

ನಂಬಿಕೆ 2: ಮೊಸಳೆ ಬಂದರೆ ಅಂಕುಡೊಂಕಾಗಿ ಓಡಬೇಕು

ವಾಸ್ತವ: ಬೇಡ. ನೆಲದ ಮೇಲೆ ಮನುಷ್ಯರನ್ನು ದೂರದವರೆಗೆ ಅಟ್ಟಿಸಿಕೊಂಡು ಬರುವುದು ಮೊಸಳೆಯ ಪದ್ಧತಿಯೇ ಅಲ್ಲ. ಅದು ನೀರಿನಂಚಿನಲ್ಲಿ ಅಡಗಿ ಕೂತು ಒಮ್ಮೆಲೇ ಎರಗುತ್ತದೆ. ಅಂಕುಡೊಂಕಾಗಿ ಓಡಿದರೆ ನೀವು ನೀರಿನ ಹತ್ತಿರವೇ ಹೆಚ್ಚು ಹೊತ್ತು ಇರುತ್ತೀರಿ, ಅಷ್ಟೇ. ನೇರವಾಗಿ, ನೀರಿನಿಂದ ದೂರಕ್ಕೆ ಓಡುವುದೇ ಸರಿ. ಆದರೆ ಅದಕ್ಕಿಂತ ಮುಖ್ಯವಾದದ್ದು ಹತ್ತಿರ ಹೋಗದಿರುವುದು. ನೀರಿನಂಚಿನಿಂದ ಕನಿಷ್ಠ 5 ಮೀಟರ್ ದೂರ ನಿಲ್ಲಿ, ಟೆಂಟ್ ಹಾಕುವುದಾದರೆ ಕನಿಷ್ಠ 50 ಮೀಟರ್ ದೂರದಲ್ಲಿ ಹಾಕಿ ಎಂಬುದು ಅಲ್ಲಿನ ಸರ್ಕಾರದ ಸಲಹೆ. ಪಾತ್ರೆ ತೊಳೆಯಲು ದಿನಾ ಒಂದೇ ಜಾಗಕ್ಕೆ ಹೋಗಬೇಡಿ. ನಿಮ್ಮ ದಿನಚರಿಯನ್ನು ಮೊಸಳೆ ಗಮನಿಸುತ್ತದೆ.

ನಂಬಿಕೆ 3: ನೀರು ಶಾಂತವಾಗಿದ್ದು, ಫಲಕವೂ ಇಲ್ಲದಿದ್ದರೆ ಈಜಬಹುದು

ವಾಸ್ತವ: ದೊಡ್ಡ ಮೊಸಳೆ ಬಹಳ ಹೊತ್ತು ನೀರಿನಡಿ ಅಲುಗಾಡದೆ ಇರಬಲ್ಲದು. ಕೆಸರು ನೀರಿನಲ್ಲಿ ಮೊಣಕಾಲುದ್ದ ಆಳವಿದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ. ಕಾಣಿಸಲಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ. ಫಲಕ ಇಲ್ಲದಿರುವುದೂ ಅನುಮತಿಯಲ್ಲ. ಮಳೆಗಾಲ ಮುಗಿದ ಮೇಲೆ ಅರಣ್ಯ ಸಿಬ್ಬಂದಿ ಕೆಲವು ಈಜುಕೊಳಗಳನ್ನು ಪರಿಶೀಲಿಸಿ, ಆಮೇಲಷ್ಟೇ ತೆರೆಯುತ್ತಾರೆ. ಹಾಗೆ ಅಧಿಕೃತವಾಗಿ ತೆರೆದ ಜಾಗದ ಹೊರತು ಬೇರೆಲ್ಲೂ ನೀರಿಗೆ ಇಳಿಯಬೇಡಿ.

ನಂಬಿಕೆ 4: ದೊಡ್ಡ ಕಾರು ಇದ್ದರೆ ಒಂದಡಿ ನೀರು ಲೆಕ್ಕಕ್ಕಿಲ್ಲ

ವಾಸ್ತವ: ಸಣ್ಣ ಲೆಕ್ಕ ಮಾಡೋಣ. 4 ಮೀಟರ್ ಉದ್ದ, 1.7 ಮೀಟರ್ ಅಗಲದ ಕಾರು ಎಂದುಕೊಳ್ಳಿ. ನೀರು ಕಾರಿನ ತಳ ಮುಟ್ಟಿದ ಮೇಲೆ ಇನ್ನು 15 ಸೆಂ.ಮೀ. ಏರಿದರೆ, ಒಳಗೆ ಸೋರುವ ಮುನ್ನ ಅದು ಕಾರನ್ನು ಮೇಲಕ್ಕೆತ್ತುವ ಬಲ ಸುಮಾರು ಒಂದು ಟನ್. ಸಣ್ಣ ಕಾರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ! ತೇಲುವ ಮೊದಲೇ ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ. ಹರಿಯುವ ನೀರು ಉಳಿದ ಕೆಲಸ ಮುಗಿಸುತ್ತದೆ. ಭಾರದ ವಾಹನಕ್ಕೆ ಇನ್ನಷ್ಟು ನೀರು ಬೇಕು, ವ್ಯತ್ಯಾಸ ಅಷ್ಟೇ. ಕಾಕಡುವಿನ ಈಸ್ಟ್ ಅಲಿಗೇಟರ್ ನದಿಯ ಕಾಹಿಲ್ಸ್ ಕ್ರಾಸಿಂಗ್ ಇದಕ್ಕೆ ಕುಖ್ಯಾತ. ಇಲ್ಲಿ ಮಳೆ ಇಲ್ಲದ ದಿನವೂ ಉಬ್ಬರದ ನೀರು ರಸ್ತೆಯ ಮೇಲೆ ಹರಿಯುತ್ತದೆ. ಉಬ್ಬರದ ಜೊತೆ ಬರುವ ಮೀನುಗಳಿಗಾಗಿ ಮೊಸಳೆಗಳೂ ಸೇರುತ್ತವೆ. ಕಾರುಗಳು ಕೊಚ್ಚಿಹೋಗಿವೆ, ಜೀವಗಳೂ ಹೋಗಿವೆ. ಅಂದಹಾಗೆ, ಆ ನದಿಯಲ್ಲಿ ಅಲಿಗೇಟರ್ ಒಂದೂ ಇಲ್ಲ. ಮೊಸಳೆಗಳನ್ನು ಅಲಿಗೇಟರ್ ಎಂದು ತಪ್ಪು ತಿಳಿದು ಇಟ್ಟ ಹೆಸರು ಅದು.

ನಂಬಿಕೆ 5: ನೆಟ್‌ವರ್ಕ್ ಇಲ್ಲದಿದ್ದರೂ 112ಕ್ಕೆ ಕರೆ ಹೋಗುತ್ತದೆ

ವಾಸ್ತವ: ಇದು ಅರ್ಧ ಸತ್ಯ, ಹಾಗಾಗಿಯೇ ಹೆಚ್ಚು ಅಪಾಯಕಾರಿ. ನಿಮ್ಮ ಸಿಮ್ ಕಂಪನಿಯ ಸಿಗ್ನಲ್ ಇಲ್ಲದಿದ್ದಾಗ, ತುರ್ತು ಕರೆ ಬೇರೆ ಕಂಪನಿಯ ಸಿಗ್ನಲ್ ಮೂಲಕ ಹೋಗಬಹುದು. ಆದರೆ ಯಾವ ಕಂಪನಿಯ ಸಿಗ್ನಲ್ಲೂ ಇಲ್ಲದ ಕಡೆ 112 ಆಗಲಿ, ಆಸ್ಟ್ರೇಲಿಯಾದ ಮುಖ್ಯ ತುರ್ತು ಸಂಖ್ಯೆ 000 ಆಗಲಿ ಕೆಲಸ ಮಾಡುವುದಿಲ್ಲ. ಕಾಕಡುವಿನ ಬಹುಭಾಗದಲ್ಲಿ ಸ್ಥಿತಿ ಹೀಗೆಯೇ ಇದೆ. ಕೆಲವು ಹೊಸ ಫೋನ್‌ಗಳಲ್ಲಿ ಉಪಗ್ರಹದ ಮೂಲಕ ಎಸ್‌ಒಎಸ್ ಕಳಿಸುವ ಸೌಲಭ್ಯವಿದೆ. ನಿಮ್ಮದರಲ್ಲಿ ಇದೆಯೇ, ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಿ. ಹೆಚ್ಚು ಭರವಸೆಯ ದಾರಿ ಪಿಎಲ್‌ಬಿ ಎಂಬ ಅಂಗೈಯಗಲದ ಸಾಧನ. ಗುಂಡಿ ಒತ್ತಿದರೆ ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ಅದನ್ನು ಅಲ್ಲಿಯೇ ಬಾಡಿಗೆಗೆ ಪಡೆಯಬಹುದು. ಉಪಗ್ರಹ ಫೋನ್ ಬೇಕೆಂದರೂ ಅಲ್ಲಿಯೇ ಪಡೆದು ಅಲ್ಲಿಯೇ ಹಿಂತಿರುಗಿಸಿ. ಅನುಮತಿ ಇಲ್ಲದೆ ಅದನ್ನು ಭಾರತಕ್ಕೆ ತರುವುದು ಕಾನೂನುಬಾಹಿರ.

ಹೊರಡುವ ಮುನ್ನ ಏನು ಮಾಡಬೇಕು?

• ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಒಣಗಾಲ ಪ್ರಯಾಣಕ್ಕೆ ಸೂಕ್ತ. ಅಲ್ಲಿನ ಮೂಲನಿವಾಸಿ ಬಿನಿಂಜ್ ಜನ ನಮ್ಮ ಹಾಗೆಯೇ ವರ್ಷವನ್ನು ಆರು ಋತುಗಳಾಗಿ ನೋಡುತ್ತಾರೆ. ಮಳೆಯ ಋತುವಿನಲ್ಲಿ ಹಲವು ರಸ್ತೆಗಳು ಮುಚ್ಚಿರುತ್ತವೆ.
• ಎಲ್ಲಿಗೆ ಹೋಗುತ್ತೀರಿ, ಯಾವಾಗ ಮರಳುತ್ತೀರಿ, ಎಷ್ಟು ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಪೊಲೀಸರಿಗೆ ತಿಳಿಸಬೇಕು ಎಂಬುದನ್ನು ಒಬ್ಬರಿಗೆ ಬರೆದು ಕೊಡಿ.
• ನೀರು, ಇಂಧನ, ಆಫ್‌ಲೈನ್ ನಕ್ಷೆ ಹೆಚ್ಚುವರಿಯಾಗಿ ಇರಲಿ.
• ಕತ್ತಲಾದ ಮೇಲೆ ಕಾರು ಓಡಿಸಬೇಡಿ. ವಾಲಬಿ, ಕಾಡೆಮ್ಮೆಗಳು ರಸ್ತೆಗೆ ನುಗ್ಗುತ್ತವೆ. ಆ ಎಮ್ಮೆಗಳು 19ನೇ ಶತಮಾನದಲ್ಲಿ ಏಷ್ಯಾದಿಂದ ಹೋದವುಗಳ ಸಂತತಿ.
• ಕಾರು ಕೆಟ್ಟರೆ ಅದರ ಬಳಿಯೇ ಇರಿ. ಕಾರು ನೆರಳು ಕೊಡುತ್ತದೆ. ಆಕಾಶದಿಂದ ಹುಡುಕುವವರಿಗೆ ನಡೆಯುವ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ.

ಈ ಐದು ನಂಬಿಕೆಗಳೂ ನಮಗೆ ಧೈರ್ಯ ಕೊಡುತ್ತವೆ. ತೊಂದರೆ ಇರುವುದೂ ಅಲ್ಲಿಯೇ. ಬಳಿಯಲ್ಲಿ ಯಾರೂ ಇಲ್ಲದಾಗ ಸುಳ್ಳು ಧೈರ್ಯಕ್ಕಿಂತ ದೊಡ್ಡ ಅಪಾಯವಿಲ್ಲ. ಅಂಕುಡೊಂಕು ಓಟದ ಸಲಹೆ ಅಥವಾ 112ರ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಆ ಕಡೆ ಹೊರಟವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ಅವರಿಗೆ ಈ ಮಾಹಿತಿ ತಲುಪಿಸಿ.