ಕದ ಬಡಿದ ಸದ್ದು

ಕೊಪ್ಪಳ ಸೀಮೆಯ ಹಿರಿಯರು ಕಾಲವನ್ನು ಹೇಳುವಾಗ ‘ರಜಾಕಾರರ ಹಾವಳಿಗಿಂತ ಮೊದಲು’, ‘ಹಾವಳಿ ಆದಮೇಲೆ’ ಎನ್ನುವುದುಂಟು. ಚರಿತ್ರೆಯ ಪುಸ್ತಕಕ್ಕೆ ಅದು ಹದಿಮೂರು ತಿಂಗಳ ಮಾತು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ, ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ಈ ಸೀಮೆ ನಿಜಾಮರ ಸಂಸ್ಥಾನದಲ್ಲಿಯೇ ಉಳಿಯಿತು. ಕಾಸಿಂ ರಜ್ವಿಯ ರಜಾಕಾರರಿಗೆ ಹೆದರಿದ ಸಂಸಾರಗಳು ಗಡಿ ದಾಟಿ, ಮುಂಬಯಿ ಪ್ರಾಂತದ ಮುಂಡರಗಿ, ಗಜೇಂದ್ರಗಡಗಳ ಕಡೆಗೆ ಓಡಿದವು. ಮುಂಡರಗಿಯ ಶಿಬಿರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳು ಹೋರಾಟ ನಡೆಸಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕಿತು. ಐದನೆಯ ದಿನ ನಿಜಾಮರು ಶರಣಾದರು. ಅಲ್ಲಿಗೆ ಅಧ್ಯಾಯ ಮುಗಿಯಿತು.

ಮನಸ್ಸಿನೊಳಗೆ ಮಾತ್ರ ಅದು ಹಾಗೆ ಮುಗಿಯುವುದಿಲ್ಲ. ಕಿನ್ನಾಳ ಬಣ್ಣದ ಗೊಂಬೆಗಳ ಊರು. ಚಿತ್ರಗಾರರ ಓಣಿಯಲ್ಲಿ ಉಳಿ, ಕೊಡತಿಗಳು ಮರವನ್ನು ಬಡಿಯುತ್ತಲೇ ಇರುತ್ತವೆ. ಅಲ್ಲಿ ನಾನು ಮಾತನಾಡಿಸಿದ, ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರಿಗೆ ಆ ಸದ್ದು ಕಿವಿಗೇ ಬೀಳದು. ರಾತ್ರಿ ಯಾರಾದರೂ ಕದ ಬಡಿದರೆ, ಬಂದವನು ಸ್ವಂತ ಮೊಮ್ಮಗನೇ ಆಗಿರಲಿ, ಎದ್ದು ಮೂಲೆ ಸೇರುತ್ತಾರೆ. “ನಾ ನೆನಸೂದಿಲ್ರಿ ಮಾಸ್ತರ, ಅದಾ ಬರತೈತಿ” ಎಂದರು.

ಮನೋವಿಜ್ಞಾನಿಗಳು ಹೇಳುವುದೂ ಇದನ್ನೇ. ಸಾಮಾನ್ಯ ನೆನಪಿಗೆ ಕಾಲದೇಶಗಳ ಗುರುತಿರುತ್ತದೆ. ನಾವು ಕರೆದರೆ ಬರುತ್ತದೆ. ಪ್ರಾಣಭಯದಲ್ಲಿ ಮೂಡಿದ ನೆನಪು ಒಂದು ಸದ್ದಿಗೋ ವಾಸನೆಗೋ ಅಂಟಿಕೊಂಡು, ಕರೆಯದೆ ಬರುತ್ತದೆ. ಬಂದಾಗ ಅದು ಅಂದಿನದಲ್ಲ, ಈ ಕ್ಷಣದ್ದು. ನಿದ್ರೆ ಕೆಡುತ್ತದೆ, ಮೈ ಬೆಚ್ಚುತ್ತದೆ, ಮಾತು ನಿಂತುಹೋಗುತ್ತದೆ. ಮೊದಲ ಮಹಾಯುದ್ಧದ ಸಿಪಾಯಿಗಳಲ್ಲಿ ಇಂಥದನ್ನು ಕಂಡು ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಶೆಲ್ ಶಾಕ್’ ಎಂದು ಬರೆದರು. ಅಮೆರಿಕದ ಮನೋವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ತಮ್ಮ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಕಿನ್ನಾಳದ ಅಜ್ಜಿಗೆ ಆಗಲೇ ನಾಲ್ವತ್ತು ದಾಟಿತ್ತು! ಧೈರ್ಯವಿಲ್ಲದವರ ಲಕ್ಷಣವೆಂದು ಮನೆಯವರು ಅದುವರೆಗೆ ಗದರಿಸುತ್ತಲೇ ಇದ್ದರಂತೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಅದನ್ನು ಬಿಟ್ಟರೆ ಚರಿತ್ರೆ ಅರೆಯಾಗುತ್ತದೆ. ಸೇನೆ ಬಂದ ಮೇಲೆ ಸಂಸ್ಥಾನದ ಮುಸ್ಲಿಮರ ಮೇಲೆ ಸೇಡು ತೀರಿತು. ನೆಹರೂ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ, ಸತ್ತವರು 27ರಿಂದ 40 ಸಾವಿರವೆಂದು ಅಂದಾಜು ಮಾಡಿತು. ಕಲಬುರ್ಗಿ, ಬೀದರ ಜಿಲ್ಲೆಗಳು ಹೆಚ್ಚು ನೊಂದವುಗಳಲ್ಲಿ ಸೇರಿದ್ದವು. ಆ ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರಲ್ಲಿ. ಆ ಮನೆಗಳಲ್ಲಿಯೂ ಕದದ ಸದ್ದಿಗೆ ಬೆಚ್ಚುವ ಅಜ್ಜಿಯರು ಇದ್ದಿರಲೇಬೇಕು. ಸೆಪ್ಟೆಂಬರ್ 17ರ ಧ್ವಜವಂದನೆಯ ಭಾಷಣಗಳಲ್ಲಿ ರಜಾಕಾರರಿಂದ ನೊಂದವರ ಮಾತಾದರೂ ಬರುತ್ತದೆ. ಇವರ ಮಾತು ಬಂದುದನ್ನು ನಾನಿನ್ನೂ ಕೇಳಿಲ್ಲ.