ಬ್ಯಾಕಪ್ ಮರುಸ್ಥಾಪನೆಯಲ್ಲಿ ಅನುಮತಿ ದೋಷಗಳು: ಮುಂಬಯಿಯ ಕನ್ನಡ ಕಡತಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

1. ವಿಷಯ

2005ರ ಜುಲೈ 26ರಂದು ಸಾಂತಾಕ್ರೂಜಿನ ಹವಾಮಾನ ಕೇಂದ್ರವು 24 ಗಂಟೆಗಳಲ್ಲಿ 944 ಮಿ.ಮೀ. ಮಳೆಯನ್ನು ದಾಖಲಿಸಿತು. ಮಿಠಿ ನದಿಯ ಆಸುಪಾಸಿನ ಕುರ್ಲಾ, ಕಲೀನಾ ಪ್ರದೇಶಗಳಲ್ಲಿ ಕಟ್ಟಡಗಳ ನೆಲಅಂತಸ್ತು ಮುಳುಗಿತು. 2020ರ ಅಕ್ಟೋಬರ್ 12ರ ಬೆಳಿಗ್ಗೆ ವಿದ್ಯುತ್ ಜಾಲ ಕೈಕೊಟ್ಟಾಗ ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. ಹೀಗೆ ನೀರೂ ವಿದ್ಯುತ್ತೂ ಮುನ್ಸೂಚನೆಯಿಲ್ಲದೆ ಕಾಡುವ ಊರಿನಲ್ಲಿ ಬ್ಯಾಕಪ್ ಇರಬೇಕೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಬ್ಯಾಕಪ್ಪನ್ನು ಹೊಸ ಸರ್ವರಿಗೆ ಮರಳಿ ತುಂಬುವ ಹೊತ್ತಿಗೆ ಎದುರಾಗುವ ಅನುಮತಿ ದೋಷಗಳ ಬಗ್ಗೆ ಮಾತ್ರ ಕನ್ನಡದಲ್ಲಿ ಬರಹ ವಿರಳ. ಈ ಟಿಪ್ಪಣಿ ಆ ಒಂದು ಹಂತಕ್ಕೆ ಸೀಮಿತ.

ಮುಂಬಯಿಯ ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, 1978ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ: ಇಂಥ ಸಂಸ್ಥೆಗಳ ಸುತ್ತ ಒಂದು ಶತಮಾನದ ಸ್ಮರಣ ಸಂಚಿಕೆ, ಮಾಸಪತ್ರಿಕೆ, ನಾಟಕದ ಫೋಟೊ, ಸಭೆಯ ನಡಾವಳಿಗಳು ಬೆಳೆದಿವೆ. ಈ ಬಗೆಯ ಸಾಮಗ್ರಿ ಸ್ಕ್ಯಾನ್ ಆಗಿ ಸರ್ವರನ್ನು ಸೇರಿತೆಂದರೆ, ಅದನ್ನು ಓದುವ ಹಕ್ಕು ಯಾರಿಗಿದೆ, ತಿದ್ದುವ ಹಕ್ಕು ಯಾರಿಗಿದೆ ಎಂಬ ಮಾಹಿತಿಯೂ ದಾಖಲೆಯ ಭಾಗವಾಗುತ್ತದೆ. ಕಡತದ ಒಡಲು ಮರಳಿ ಬಂದು ಹಕ್ಕು ಮರಳದಿದ್ದರೆ ಮರುಸ್ಥಾಪನೆ ಅರ್ಧಕ್ಕೆ ನಿಂತಂತೆ. ಇದೇ ಈ ಟಿಪ್ಪಣಿಯ ಪ್ರತಿಪಾದನೆ.

2. ದೋಷದ ಮೂಲ

ಲಿನಕ್ಸ್ ಸರ್ವರ್ ಕಡತದ ಒಡೆಯನನ್ನು ಹೆಸರಿನಿಂದ ಗುರುತಿಸುವುದಿಲ್ಲ; ಯುಐಡಿ ಎಂಬ ಸಂಖ್ಯೆಯಿಂದ ಗುರುತಿಸುತ್ತದೆ. ಸಾಮಾನ್ಯ ಲಿನಕ್ಸ್ ಗಣಕದಲ್ಲಿ ಮೊದಲ ಬಳಕೆದಾರರ ಸಂಖ್ಯೆ 1000. ಮ್ಯಾಕ್ ಗಣಕದಲ್ಲಿ 501. ಸಣ್ಣ ಕಚೇರಿಗಳಲ್ಲಿ ಬಳಕೆಯಲ್ಲಿರುವ ಸಿನಾಲಜಿ ನ್ಯಾಸ್ (ಜಾಲಕ್ಕೆ ಜೋಡಿಸಿದ ಸಂಗ್ರಹ) ಪೆಟ್ಟಿಗೆಯಲ್ಲಿ ಹೊಸ ಬಳಕೆದಾರರ ಸಂಖ್ಯೆ 1026ರಿಂದ ಶುರುವಾಗುತ್ತದೆ. ಹೌಸಿಂಗ್ ಸೊಸೈಟಿಯ ಹೆಸರಿಲ್ಲದ ಫ್ಲ್ಯಾಟ್ ನಂಬರಿನಂತೆ ಇದು: 302ನೇ ಮನೆ ಎಲ್ಲ ಕಟ್ಟಡಗಳಲ್ಲೂ ಇರುತ್ತದೆ, ಒಳಗಿರುವವರು ಬೇರೆ ಬೇರೆ.

ಕಡತಗಳನ್ನು ಕಟ್ಟಿಡುವ ಗ್ನೂ ಟಾರ್, ನಕಲಿಸುವ ಆರ್‌ಸಿಂಕ್ ಎರಡೂ ಮೊದಲು ಹೆಸರನ್ನು ಹೊಂದಿಸಿ ನೋಡುತ್ತವೆ. ಹೊಸ ಸರ್ವರಿನಲ್ಲಿ ಆ ಹೆಸರಿಲ್ಲದಿದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳುತ್ತವೆ. ಆ ಸಂಖ್ಯೆ ಅಲ್ಲಿ ಬೇರೊಬ್ಬರದಾಗಿದ್ದರೆ ಕಡತ ಸದ್ದಿಲ್ಲದೆ ಅವರ ಪಾಲಾಗುತ್ತದೆ. ಒಡೆತನವನ್ನು ಬದಲಿಸುವ ಅಧಿಕಾರ ಸರ್ವಾಧಿಕಾರವುಳ್ಳ ರೂಟ್ ಖಾತೆಗೆ ಮಾತ್ರ ಇರುವುದರಿಂದ, ಸಾಮಾನ್ಯ ಖಾತೆಯಿಂದ ಮರುಸ್ಥಾಪಿಸಿದವರಿಗೆ ಎಲ್ಲ ಕಡತಗಳೂ ತಮ್ಮ ಹೆಸರಿಗೇ ಬರುತ್ತವೆ. ಮರುದಿನ ಸಂಪಾದಕರಿಗೆ ತಮ್ಮದೇ ಲೇಖನ ತಿದ್ದಲು ಆಗದಿರುವುದಕ್ಕೆ ಸಾಮಾನ್ಯ ಕಾರಣ ಇದು.

ವಿಂಡೋಸ್‌ನಲ್ಲಿ ಈ ಸಂಖ್ಯೆಯ ಜಾಗದಲ್ಲಿ ಎಸ್‌ಐಡಿ ಎಂಬ ಉದ್ದನೆಯ ಗುರುತು ಇರುತ್ತದೆ. ಸ್ಥಳೀಯ ಖಾತೆಗಳ ಎಸ್‌ಐಡಿ ಆಯಾ ಗಣಕಕ್ಕೇ ಸೀಮಿತ. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಎಸ್‌ಐಡಿ ಹೊಸದಾಗಿರುತ್ತದೆ. ಆಗ ಸೆಕ್ಯುರಿಟಿ ಪಟ್ಟಿಯಲ್ಲಿ ಹೆಸರಿನ ಬದಲು ‘ಎಸ್-1-5-21’ ಎಂದು ಮೊದಲಾಗುವ ಸಂಖ್ಯೆಯ ಸಾಲು ಕಾಣುತ್ತದೆ. ಹಾಗೆ ಕಂಡರೆ ಹಳೆಯ ಒಡೆಯ ಈ ಗಣಕಕ್ಕೆ ಅಪರಿಚಿತ ಎಂದೇ ತಿಳಿಯಬೇಕು.

3. ಸಂದೇಶಗಳ ವರ್ಗೀಕರಣ

ಪರದೆಯ ಮೇಲಿನ ಸಂದೇಶವನ್ನು ಅಕ್ಷರಶಃ ಬರೆದಿಟ್ಟುಕೊಳ್ಳುವುದು ಪರಿಶೀಲನೆಯ ಮೊದಲ ಕೆಲಸ. ಒಂದೇ ಎಂಬಂತೆ ತೋರುವ ಸಂದೇಶಗಳ ಕಾರಣ ಬೇರೆ ಬೇರೆ.

‘ಪರ್ಮಿಷನ್ ಡಿನೈಡ್’ (ದೋಷ ಸಂಖ್ಯೆ 13) ಬಂದರೆ ಹುಡುಕಬೇಕಾದದ್ದು ದಾರಿಯಲ್ಲಿರುವ ಫೋಲ್ಡರುಗಳನ್ನು. ಕಡತ ತಲುಪಲು ಅದರ ಮೇಲಿನ ಪ್ರತಿಯೊಂದು ಫೋಲ್ಡರನ್ನು ಹಾದುಹೋಗುವ ಹಕ್ಕು ಇರಬೇಕು. ಹೊಸ ಕಡತ ಇಡಲು ಕೊನೆಯ ಫೋಲ್ಡರಿನಲ್ಲಿ ಬರೆಯುವ ಹಕ್ಕು ಬೇಕು. ಆರ್‌ಸಿಂಕ್ ಹಳೆಯ ಕಡತದ ಮೇಲೆ ನೇರವಾಗಿ ಬರೆಯದೆ, ಪಕ್ಕದಲ್ಲಿ ತಾತ್ಕಾಲಿಕ ಕಡತ ಮಾಡಿ ಆಮೇಲೆ ಹೆಸರು ಬದಲಿಸುತ್ತದೆ. ಹೀಗಾಗಿ ಕಡತ ತಿದ್ದಲು ಅನುಮತಿ ಇದ್ದರೂ ಫೋಲ್ಡರಿನಲ್ಲಿ ಇಲ್ಲದಿದ್ದರೆ ಅದು ಸೋಲುತ್ತದೆ.

‘ಆಪರೇಷನ್ ನಾಟ್ ಪರ್ಮಿಟೆಡ್’ (ದೋಷ ಸಂಖ್ಯೆ 1) ಬಂದರೆ ಫೋಲ್ಡರಿನ ಅನುಮತಿ ಸಡಿಲಿಸಿ ಫಲವಿಲ್ಲ. ಒಡೆತನ ಬದಲಿಸುವಂಥ ವಿಶೇಷಾಧಿಕಾರ ಬೇಕಾದ ಕೆಲಸಕ್ಕೆ ಯತ್ನ ನಡೆದಿದೆ, ಅಥವಾ ಕಡತಕ್ಕೆ ‘ಬದಲಾಗಕೂಡದು’ ಎಂಬ ಗುರುತು ಹಾಕಲಾಗಿದೆ ಎಂದರ್ಥ. ಆರ್‌ಸಿಂಕ್ ಕೊನೆಯಲ್ಲಿ 23 ಎಂಬ ಸಂಕೇತ ಕೊಟ್ಟರೆ ವರ್ಗಾವಣೆ ಭಾಗಶಃ ಆಗಿದೆ. ಹಲವು ಬಾರಿ ಒಡಲೆಲ್ಲ ಬಂದಿದ್ದು, ಒಡೆತನದ ವಿವರವಷ್ಟೇ ಬಿಟ್ಟುಹೋಗಿರುತ್ತದೆ. ‘ರೀಡ್ ಓನ್ಲಿ ಫೈಲ್ ಸಿಸ್ಟಮ್’ (30) ಅನುಮತಿಯ ದೋಷವೇ ಅಲ್ಲ. ವಿದ್ಯುತ್ ಹಠಾತ್ತನೆ ಹೋಗಿ ಡಿಸ್ಕಿಗೆ ಪೆಟ್ಟಾದ ಮೇಲೆ ಇದು ಕಂಡುಬರುವುದುಂಟು. ಆಗ ಮೊದಲು ಡಿಸ್ಕನ್ನು ಪರೀಕ್ಷಿಸಬೇಕು.

4. ಜಾಲದ ನಡುವಿನ ತಡೆ

ಸರ್ವರಿನ ಒಳಗೆ ನಡೆಯುವ ಕೆಲಸ ಜಾಲದ ಮೂಲಕ ನಡೆಯದಿದ್ದರೆ ಕಾರಣ ಜಾಲಕ್ಕೆ ತೆರೆದಿಟ್ಟ ಫೋಲ್ಡರಿನಲ್ಲಿ, ಅಂದರೆ ಶೇರ್‌ನಲ್ಲಿರುತ್ತದೆ. ಎನ್‌ಎಫ್‌ಎಸ್ ಶೇರ್‌ಗೆ ಲಿನಕ್ಸ್‌ನಲ್ಲಿ ‘ರೂಟ್ ಸ್ಕ್ವಾಷ್’ ಎಂಬ ನಿಯಮ ಮೊದಲಿನಿಂದಲೇ ಜಾರಿಯಲ್ಲಿರುತ್ತದೆ. ದೂರದ ಗಣಕದ ರೂಟ್ ಖಾತೆಯನ್ನು ಸರ್ವರ್ 65534 ಸಂಖ್ಯೆಯ ‘ನೋಬಡಿ’ ಎಂದು ಕಾಣುತ್ತದೆ. ತನ್ನ ಗಣಕದಲ್ಲಿ ಸರ್ವಾಧಿಕಾರಿಯಾದ ಅಡ್ಮಿನ್ ಶೇರ್‌ನಲ್ಲಿ ಏನೂ ಅಲ್ಲ. ಸುರಕ್ಷಿತ ದಾರಿಯೆಂದರೆ ಬ್ಯಾಕಪ್ ಡಿಸ್ಕನ್ನು ಸರ್ವರಿಗೇ ಜೋಡಿಸಿ ಅಲ್ಲಿಯೇ ಮರುಸ್ಥಾಪಿಸುವುದು. ಅದು ಆಗದಿದ್ದರೆ ಆ ಒಂದು ಗಣಕಕ್ಕೆ ಮಾತ್ರ ನಿಯಮ ಸಡಿಲಿಸಿ, ಕೆಲಸ ಮುಗಿದ ಕೂಡಲೇ ಮತ್ತೆ ಬಿಗಿಮಾಡಬೇಕು.

ವಿಂಡೋಸ್ ಸರ್ವರಿನ ಎಸ್‌ಎಂಬಿ ಶೇರ್‌ನಲ್ಲಿ ಎರಡು ಪಟ್ಟಿಗಳಿವೆ: ಶೇರ್‌ನ ಅನುಮತಿ, ಎನ್‌ಟಿಎಫ್‌ಎಸ್ ಅನುಮತಿ. ಎರಡರಲ್ಲಿ ಹೆಚ್ಚು ಬಿಗಿಯಾದದ್ದೇ ಜಾಲದಲ್ಲಿ ಊರ್ಜಿತ. ಫೋಲ್ಡರಿನ ಸೆಕ್ಯುರಿಟಿ ಪುಟದಲ್ಲಿ ಪೂರ್ಣ ಹಕ್ಕು ಕೊಟ್ಟರೂ ಶೇರ್ ‘ರೀಡ್’ ಎಂದಿದ್ದರೆ ಬರೆಯಲಾಗದು. ಮಾಮೂಲಿ ಕಾಪಿ ಮಾಡಿದರೆ ಕಡತವು ಹೊಸ ಫೋಲ್ಡರಿನ ಅನುಮತಿಯನ್ನೇ ಪಡೆದುಕೊಳ್ಳುತ್ತದೆ, ಹಳೆಯದು ಕಳೆದುಹೋಗುತ್ತದೆ. ಹಳೆಯ ಅನುಮತಿ ಸಮೇತ ತರಲು ರೋಬೊಕಾಪಿಯ ‘ಕಾಪಿಆಲ್’ ಆಯ್ಕೆ ಇದೆ. ಅದನ್ನು ಬ್ಯಾಕಪ್ ಕ್ರಮದಲ್ಲಿ ಓಡಿಸುವ ಖಾತೆಗೆ ‘ಬ್ಯಾಕಪ್ ಆಪರೇಟರ್ಸ್’ ಗುಂಪಿಗಿರುವಂಥ ವಿಶೇಷ ಹಕ್ಕು ಬೇಕು.

ಡೇಟಾಬೇಸ್‌ನಲ್ಲೂ ಒಡೆಯನ ಹೆಸರಿನ ಇದೇ ತೊಡಕು ಇದೆ. ಮೈಎಸ್‌ಕ್ಯೂಎಲ್ ಡಂಪ್‌ನ ವ್ಯೂ, ಪ್ರೊಸೀಜರ್‌ಗಳಲ್ಲಿ ಅವನ್ನು ರಚಿಸಿದ ಖಾತೆಯ ಹೆಸರು ಸೇರಿರುತ್ತದೆ. ಮರುಸ್ಥಾಪಿಸುವ ಖಾತೆಗೆ ಬೇರೊಬ್ಬರ ಹೆಸರಿನಲ್ಲಿ ರಚಿಸುವ ಹಕ್ಕಿಲ್ಲದಿದ್ದರೆ 1227 ಸಂಖ್ಯೆಯ ದೋಷ ಬಂದು ಕೆಲಸ ನಿಲ್ಲುತ್ತದೆ.

5. ಕನ್ನಡ ಕಡತಗಳಿಗೆ ವಿಶೇಷವಾದ ತೊಡಕು

ಅನುಮತಿ ದೋಷಗಳ ರಾಶಿಯಲ್ಲಿ ಬೆರೆತು ಕಣ್ತಪ್ಪುವ ಒಂದು ವರ್ಗ ಕನ್ನಡ ಹೆಸರಿನ ಕಡತಗಳದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಸಂಚಿಕೆ’ ಕಣ್ಣಿಗೆ ಮೂರೇ ಅಕ್ಷರ. ಸೊನ್ನೆ, ಗುಣಿತದ ಚಿಹ್ನೆಗಳು ಸೇರಿ ಆರು ಸಂಕೇತಗಳಾಗಿ 18 ಬೈಟ್ ಹಿಡಿಯುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಹೆಸರಿಗೆ 255 ಸಂಕೇತಗಳವರೆಗೆ ಎಡೆ ಕೊಟ್ಟರೆ, ಲಿನಕ್ಸ್‌ನ ಎಕ್ಸ್‌ಟಿ4 ಕೊಡುವುದು 255 ಬೈಟ್‌ಗಳಿಗೆ ಮಾತ್ರ, ಅಂದರೆ ಕನ್ನಡದ 85 ಸಂಕೇತಗಳಿಗೆ. ಈಕ್ರಿಪ್ಟ್‌ಎಫ್‌ಎಸ್ ವಿಧಾನದಿಂದ ಗೂಢಲಿಪಿಗೊಳಿಸಿದ ಫೋಲ್ಡರಿನಲ್ಲಿ ಮಿತಿ 143 ಬೈಟ್, ಸುಮಾರು 47 ಸಂಕೇತ. ಲೇಖನದ ಪೂರ್ಣ ಶೀರ್ಷಿಕೆ, ಲೇಖಕರ ಹೆಸರು, ತಿಂಗಳು ಎಲ್ಲವನ್ನೂ ಕಡತದ ಹೆಸರಿಗೆ ಸೇರಿಸುವ ರೂಢಿ ಇಲ್ಲಿ ಮುಳುವಾಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಬಿಡಿಸಿ ಬರೆಯುತ್ತದೆ. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆ ಇಟ್ಟುಕೊಳ್ಳುತ್ತದೆ. ಫಲವಾಗಿ ‘ಸಂಶೋಧನೆ’ ಎಂಬ ಹೆಸರಿನ ಎರಡು ಫೋಲ್ಡರುಗಳು ಅಕ್ಕಪಕ್ಕ ಕಾಣಿಸಿಕೊಂಡು, ಒಂದರಲ್ಲಿ ಅನುಮತಿ ಸರಿಪಡಿಸಿದರೂ ಇನ್ನೊಂದರಲ್ಲಿ ದೋಷ ಉಳಿದಿರಬಹುದು. ಮ್ಯಾಕ್‌ನಿಂದ ತರುವಾಗ ಆರ್‌ಸಿಂಕ್‌ನ ‘ಐಕನ್ವ್’ ಆಯ್ಕೆ ಬಳಸಿ ಹೆಸರುಗಳನ್ನು ಒಂದೇ ರೂಪಕ್ಕೆ ತರಬೇಕು.

ಮೂರನೆಯದು ಕನ್ನಡಕ್ಕಷ್ಟೇ ಸೀಮಿತವಲ್ಲ: ಕಡತಗಳನ್ನು ಸಾಗಿಸುವ ನಡುವಿನ ಡಿಸ್ಕ್. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಿಂದ ತಂದ ಹೊರಡಿಸ್ಕ್ ಎಕ್ಸ್‌ಫ್ಯಾಟ್ ರೂಪದಲ್ಲಿದ್ದರೆ ಅದಕ್ಕೆ ಒಡೆಯನನ್ನಾಗಲಿ ಅನುಮತಿಯನ್ನಾಗಲಿ ನೆನಪಿಡುವ ಶಕ್ತಿ ಇಲ್ಲ. ಬಿಡಿ ಕಡತಗಳನ್ನು ಅದಕ್ಕೆ ಎಳೆದು ಹಾಕಿದ ಕ್ಷಣವೇ ಆ ವಿವರ ಅಳಿದಿರುತ್ತದೆ. ಟಾರ್‌ನಲ್ಲಿ ಕಟ್ಟಿಟ್ಟರೆ ವಿವರಗಳು ಕಟ್ಟಿನೊಳಗೇ ಉಳಿಯುತ್ತವೆ; ವಿಸ್ತೃತ ಅನುಮತಿ ಪಟ್ಟಿಗಳನ್ನು ಉಳಿಸಲು ‘ಏಸಿಎಲ್’ ಆಯ್ಕೆಯನ್ನೂ ಸೇರಿಸಬೇಕು.

6. ‘777’ ಎಂಬ ಮದ್ದು

ಆತುರದಲ್ಲಿ ಕೈಗೆ ಸಿಗುವ ಪರಿಹಾರ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು. ವಿಂಡೋಸ್‌ನಲ್ಲಿ ‘ಎವ್ರಿವನ್, ಫುಲ್ ಕಂಟ್ರೋಲ್’. ಇದು ಅಪಾಯಕರ ಮಾತ್ರವಲ್ಲ, ಹಲವೆಡೆ ಕೆಲಸವನ್ನೇ ಕೆಡಿಸುತ್ತದೆ. ದತ್ತಾಂಶ ಫೋಲ್ಡರಿನ ಅನುಮತಿ 0700 ಅಥವಾ 0750 ಇಲ್ಲದಿದ್ದರೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಶುರುವಾಗುವುದೇ ಇಲ್ಲ. ಎಲ್ಲರೂ ಬರೆಯಬಹುದಾದ ಸಂರಚನಾ ಕಡತವನ್ನು ಮೈಎಸ್‌ಕ್ಯೂಎಲ್ ಓದದೆ ಬಿಡುತ್ತದೆ. ಸಡಿಲ ಅನುಮತಿಯ ಕೀಲಿ ಕಡತವನ್ನು ಎಸ್‌ಎಸ್‌ಎಚ್ ತಿರಸ್ಕರಿಸುತ್ತದೆ. ಜಾಲದ ಒಂದು ಗಣಕಕ್ಕೆ ಹೊಕ್ಕ ರ‍್ಯಾನ್ಸಮ್‌ವೇರ್‌ಗೆ ಇಡೀ ಶೇರ್ ತೆರೆದುಕೊಳ್ಳುತ್ತದೆ. ಸಂಘಗಳ ಸರ್ವರಿನಲ್ಲಿ ಸದಸ್ಯರ ವಿಳಾಸ, ವಿದ್ಯಾರ್ಥಿವೇತನದ ಅರ್ಜಿಯಂಥ ಖಾಸಗಿ ವಿವರಗಳಿದ್ದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವುಗಳಿಗೆ ತಕ್ಕ ರಕ್ಷಣೆಯನ್ನು ಅಪೇಕ್ಷಿಸುತ್ತದೆ ಎಂಬುದನ್ನೂ ಮರೆಯಬಾರದು.

7. ಪರಿಶೀಲನೆಯ ಕ್ರಮ

ಮೇಲಿನ ವಿಶ್ಲೇಷಣೆಯಿಂದ ಈ ಕ್ರಮ ಹೊರಡುತ್ತದೆ.

ಒಂದು: ಮರುಸ್ಥಾಪಿಸುತ್ತಿರುವ ಖಾತೆ ಯಾವುದು, ಅದು ಯಾವ ಗುಂಪುಗಳಲ್ಲಿದೆ ಎಂದು ನೋಡಬೇಕು. ಲಿನಕ್ಸ್‌ನಲ್ಲಿ ‘ಐಡಿ’, ವಿಂಡೋಸ್‌ನಲ್ಲಿ ‘ಹೂಆ್ಯಮ್‌ಐ’ ಇದನ್ನು ತಿಳಿಸುತ್ತವೆ.

ಎರಡು: ಅದೇ ಕೆಲಸವನ್ನು ಒಂದೇ ಕಡತದ ಮೇಲೆ ಸರ್ವರಿನ ಒಳಗಿನಿಂದಲೂ ಜಾಲದಿಂದಲೂ ಮಾಡಿ ನೋಡಬೇಕು. ಒಳಗೆ ಗೆದ್ದು ಹೊರಗೆ ಸೋತರೆ ತಡೆ ಶೇರ್‌ನಲ್ಲಿದೆ.

ಮೂರು: ಒಡೆತನವನ್ನು ಹೆಸರಿನಲ್ಲಲ್ಲದೆ ಸಂಖ್ಯೆಯಲ್ಲಿ ನೋಡಬೇಕು. ಹಳೆಯ ಮತ್ತು ಹೊಸ ಸಂಖ್ಯೆಗಳ ಕೋಷ್ಟಕ ಮಾಡಿ, ಅದರಂತೆ ಒಡೆತನ ಬದಲಿಸಬೇಕು.

ನಾಲ್ಕು: ಅನುಮತಿಗಳೆಲ್ಲ ಸರಿಯಿದ್ದೂ ವೆಬ್ ಸರ್ವರ್ ಕಡತ ಓದದಿದ್ದರೆ ಎಸ್‌ಇಲಿನಕ್ಸ್ ಎಂಬ ರಕ್ಷಣಾ ವ್ಯವಸ್ಥೆಯ ಗುರುತು ತಪ್ಪಿರುವ ಸಾಧ್ಯತೆ ಇದೆ. ‘ರಿಸ್ಟೋರ್‌ಕಾನ್’ ಅದನ್ನು ಸರಿಪಡಿಸುತ್ತದೆ. ಆ ರಕ್ಷಣೆಯನ್ನೇ ಆರಿಸಿಬಿಡುವುದು ಸಲ್ಲದು.

ಐದು: ಮೇಲಿನ ಯಾವುದೇ ಬದಲಾವಣೆಗೆ ಮುನ್ನ ಈಗಿರುವ ಅನುಮತಿಗಳನ್ನು ಕಡತದಲ್ಲಿ ಉಳಿಸಿಕೊಳ್ಳಬೇಕು. ಲಿನಕ್ಸ್‌ನ ‘ಗೆಟ್‌ಎಫ್‌ಏಸಿಎಲ್’, ವಿಂಡೋಸ್‌ನ ‘ಐಕ್ಯಾಕಲ್ಸ್’ ಇದಕ್ಕೆ ಸಾಕು.

8. ತೀರ್ಮಾನ

2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ಮುಂಬಯಿಯ ಎರಡು ಷೇರು ವಿನಿಮಯ ಕೇಂದ್ರಗಳು ವಿಶೇಷ ವಹಿವಾಟು ನಡೆಸಿ, ನಡುವೆಯೇ ಮುಖ್ಯ ಕೇಂದ್ರದಿಂದ ವಿಪತ್ತು ಕಾಲದ ಬದಲಿ ಕೇಂದ್ರಕ್ಕೆ ಸಾಗಿ ತೋರಿಸಿದವು. ಬದಲಿ ವ್ಯವಸ್ಥೆಯನ್ನು ಬಳಸಿ ನೋಡಿದ ಹೊರತು ಅದರ ಮೇಲೆ ಭರವಸೆ ಇಡಲಾಗದು ಎಂಬ ತತ್ತ್ವ ಅಲ್ಲಿದೆ. ಒಂದೇ ನ್ಯಾಸ್ ಪೆಟ್ಟಿಗೆಯ ಸಂಘಕ್ಕೂ ಆ ತತ್ತ್ವ ಅನ್ವಯಿಸುತ್ತದೆ. ಅಂಥ ಕಡೆ ಸರ್ವರ್ ನೋಡಿಕೊಳ್ಳುವವರು ಬಹುಪಾಲು ಸ್ವಯಂಸೇವಕರು. ಅವರು ಬದಲಾದಾಗ ಯಾರಿಗೆ ಯಾವ ಹಕ್ಕಿತ್ತೆಂಬ ತಿಳಿವಳಿಕೆಯೂ ಅವರೊಂದಿಗೆ ಹೊರಟುಹೋಗುತ್ತದೆ. ಆದ್ದರಿಂದ ಬಳಕೆದಾರರು, ಅವರ ಸಂಖ್ಯೆಗಳು, ಗುಂಪುಗಳು ಮತ್ತು ಶೇರ್‌ಗಳ ಪಟ್ಟಿಯನ್ನು ಪ್ರತಿ ಬ್ಯಾಕಪ್ಪಿನ ಜೊತೆಗೇ ಇಡಬೇಕು. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆಯಾದರೂ ಖಾಲಿ ಡಿಸ್ಕಿಗೆ ಮರುಸ್ಥಾಪಿಸಿ ನೋಡಬೇಕು. ಆ ತಾಲೀಮಿನಲ್ಲಿ ಎರಡು ಪರೀಕ್ಷೆಗಳು ಅಗತ್ಯ: ಹಕ್ಕಿರುವ ಸಾಮಾನ್ಯ ಬಳಕೆದಾರರೊಬ್ಬರು ಕಡತ ತೆರೆದು ತಿದ್ದಲು ಸಾಧ್ಯವಾಗಬೇಕು, ಹಕ್ಕಿಲ್ಲದವರು ತೆರೆಯಲು ಹೋದಾಗ ಸರ್ವರ್ ನಿರಾಕರಿಸಬೇಕು. ಎರಡರಲ್ಲಿ ಒಂದು ಸೋತರೂ ಮರುಸ್ಥಾಪನೆ ಮುಗಿದಿಲ್ಲವೆಂದೇ ದಾಖಲಿಸಬೇಕು.