ಕಳೆದುಹೋದ ಪಾರ್ಸೆಲ್‌ಗೆ ಹೊಣೆ ಯಾರು? ವಿ.ಪಿ.ಪಿ. ಕಾಲದಿಂದ ಮೊಬೈಲ್ ಕಾಲದವರೆಗೆ

"ಕಳಿಸಿದ್ದೇನೆ" ಎನ್ನುತ್ತಾರೆ ಮಾರಿದವರು. "ಬಂದೇ ಇಲ್ಲ" ಎನ್ನುತ್ತಾರೆ ಕೊಂಡವರು. "ತಲುಪಿದೆ ಎಂದು ನಮ್ಮ ಸಿಸ್ಟಮ್ ತೋರಿಸುತ್ತಿದೆ" ಎನ್ನುತ್ತಾರೆ ಸಾಗಿಸಿದವರು. ಮೂವರು ಹೇಳುವುದೂ ನಿಜವೇ ಇರಬಹುದು. ಆದರೆ ನಷ್ಟ ಬಂದು ಕೂರುವುದು ಒಬ್ಬರ ತಲೆಯ ಮೇಲೆ ಮಾತ್ರ.

ಈಗ ನಮ್ಮ ಊರುಗಳಿಂದಲೂ ಫೋನಿನ ಮೂಲಕ ಮಾರಾಟ ನಡೆಯುತ್ತಿದೆ. ಇಳಕಲ್ ಸೀರೆ, ಚನ್ನಪಟ್ಟಣದ ಬೊಂಬೆ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಜೋಳದ ಕಡಕ್ ರೊಟ್ಟಿ ಎಲ್ಲವೂ ಡಬ್ಬ ಸೇರಿ ದೂರದ ಊರಿಗೆ ಹೋಗುತ್ತವೆ. ಲೆಕ್ಕ ಹಾಕಿ ನೋಡೋಣ. 1,200 ರೂಪಾಯಿಗೆ ಮಾರುವ ಸೀರೆಯಲ್ಲಿ 150 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಅಂಥ ಒಂದು ಸೀರೆ ದಾರಿಯಲ್ಲಿ ಕಳೆದು, ಕೊಂಡವರಿಗೆ ಹಣವನ್ನೂ ವಾಪಸ್ ಕೊಟ್ಟರೆ ಅಸಲಿನ 1,050 ರೂಪಾಯಿ ಹೋಯಿತು. ಅದನ್ನು ತುಂಬಿಕೊಳ್ಳಲು ಇನ್ನೂ 7 ಸೀರೆಯ ಲಾಭ ಸುರಿಯಬೇಕು. ಸಾಗಣೆ ಖರ್ಚು ಇದರಲ್ಲಿ ಸೇರಿಲ್ಲ.

ಈ ಜಗಳ ಮೊಬೈಲ್ ಬಂದ ಮೇಲೆ ಹುಟ್ಟಿದ್ದೇನೂ ಅಲ್ಲ. ಅದಕ್ಕೆ ಸುಮಾರು 150 ವರ್ಷದ ಇತಿಹಾಸವಿದೆ. ಕಳೆದ ಪಾರ್ಸೆಲ್‌ಗೆ ಹಣ ಕೇಳಲು ಹೋದವರಿಗೆ ಇವತ್ತು ಸಿಗುವ ಉತ್ತರಗಳ ಬೇರು ಅಲ್ಲಿದೆ. ಅದನ್ನು ತಿಳಿದರೆ ಮಾರುವವರು ಯಾವ ಕಾಗದವನ್ನು ಯಾವಾಗ ಇಟ್ಟುಕೊಳ್ಳಬೇಕು ಎಂಬುದೂ ತಿಳಿಯುತ್ತದೆ.

ಬಾಗಿಲಲ್ಲಿ ಹಣ ಕೊಡುವ ಪದ್ಧತಿ

ನಮ್ಮಲ್ಲಿ ಅಂಚೆ ಬಹಳ ಹಳೆಯದು. ಮೈಸೂರು ಅಂಚೆಯ ಮೂಲ 17ನೇ ಶತಮಾನದ ಚಿಕ್ಕದೇವರಾಜ ಒಡೆಯರ ಆಳ್ವಿಕೆಗೆ ಹೋಗುತ್ತದೆ. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. ಆ ಹೊತ್ತಿಗೆ ಭಾರತದ ಅಂಚೆ ಕಾಗದ ಸಾಗಿಸುವುದರ ಜೊತೆಗೆ ವ್ಯಾಪಾರಕ್ಕೂ ಕೈಜೋಡಿಸಿತ್ತು.

1877ರಲ್ಲಿ ವ್ಯಾಲ್ಯೂ ಪೇಯಬಲ್ ಪೋಸ್ಟ್, ಅಂದರೆ ವಿ.ಪಿ.ಪಿ. ಶುರುವಾಯಿತು. ಮಾರುವವರು ಪಾರ್ಸೆಲ್ ಅಂಚೆಗೆ ಹಾಕಿ ಅದರ ಬೆಲೆ ಬರೆಯುತ್ತಿದ್ದರು. ಅಂಚೆಯವರು ಕೊಂಡವರಿಂದ ಆ ಹಣ ಪಡೆದು ಪಾರ್ಸೆಲ್ ಕೈಗೆ ಕೊಡುತ್ತಿದ್ದರು. ಹಣ ಮರಳಿ ಮಾರಿದವರಿಗೆ ಬರುತ್ತಿತ್ತು. 1880ರಲ್ಲಿ ಅಂಚೆಯ ಮನಿಯಾರ್ಡರ್ ಕೂಡ ಬಂದಿದ್ದರಿಂದ ಈ ಕೆಲಸ ಇನ್ನೂ ಸಲೀಸಾಯಿತು. ಪುಸ್ತಕ, ಔಷಧಿ, ಗಡಿಯಾರ ಎಲ್ಲವೂ ಹೀಗೆ ಹಳ್ಳಿಗಳಿಗೆ ಬಂದವು. "ವಿ.ಪಿ.ಪಿ. ಮೂಲಕ ಕಳುಹಿಸಲಾಗುವುದು" ಎಂಬ ಜಾಹೀರಾತಿನ ಸಾಲು ಹಿರಿಯರಿಗೆ ನೆನಪಿರುತ್ತದೆ. ಇವತ್ತಿನ ಕ್ಯಾಶ್ ಆನ್ ಡೆಲಿವರಿ ಇದರ ಮೊಮ್ಮಗ.

ಮಾರುವವರು ಮತ್ತು ಕೊಳ್ಳುವವರು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಸಂತೆಯಲ್ಲಾದರೆ ಕೈಯಿಂದ ಕೈಗೆ ಸಾಮಾನು, ಕೈಯಿಂದ ಕೈಗೆ ಹಣ. ಇಲ್ಲಿ ನಡುವೆ ಮೂರನೆಯವರಿದ್ದಾರೆ. ಆ ಮೂರನೆಯವರ ಕೈಯಲ್ಲಿ ಸಾಮಾನು ಕಳೆದರೆ? ಈ ಪ್ರಶ್ನೆಗೆ ಸರ್ಕಾರ ಕಾನೂನಿನಲ್ಲೇ ಉತ್ತರ ಬರೆಯಿತು.

1898ರ ಉತ್ತರ

1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೇ ಕಲಮಿನ ಸಾರ ಇಷ್ಟು: ಅಂಚೆಯಲ್ಲಿ ಹೋಗುವ ವಸ್ತು ಕಳೆದರೆ, ತಪ್ಪು ವಿಳಾಸಕ್ಕೆ ಹೋದರೆ, ತಡವಾದರೆ ಅಥವಾ ಹಾಳಾದರೆ ಸರ್ಕಾರ ಹೊಣೆಯಲ್ಲ. ತಾನೇ ಸ್ಪಷ್ಟವಾಗಿ ಒಪ್ಪಿಕೊಂಡಷ್ಟಕ್ಕೆ ಮಾತ್ರ ಹೊಣೆ. ಅಂಚೆ ನೌಕರರೂ ಹೊಣೆಯಲ್ಲ, ಮೋಸದಿಂದ ಅಥವಾ ಬೇಕೆಂದೇ ಮಾಡಿದ್ದರೆ ಮಾತ್ರ ಹೊಣೆ.

ಕೇಳಲು ಕಠಿಣ ಎನಿಸಬಹುದು. ಆದರೆ ಇದರ ಹಿಂದೆ ಒಂದು ಲೆಕ್ಕವಿತ್ತು. ಅಂಚೆ ದರ ತೂಕದ ಮೇಲೆ, ಒಳಗಿರುವ ವಸ್ತುವಿನ ಬೆಲೆಯ ಮೇಲಲ್ಲ. ಹತ್ತು ರೂಪಾಯಿಯ ಹತ್ತಿಬಟ್ಟೆಗೂ ಸಾವಿರ ರೂಪಾಯಿಯ ರೇಷ್ಮೆಗೂ ತೂಕ ಒಂದೇ ಆದರೆ ದರವೂ ಒಂದೇ. ಅಷ್ಟೇ ದರ ಪಡೆದು ಎಲ್ಲದರ ಬೆಲೆಗೂ ಹೊಣೆ ಹೊರಲು ಅಂಚೆ ಒಪ್ಪಲಿಲ್ಲ. ಬೆಲೆಗೆ ಹೊಣೆ ಬೇಕೆನ್ನುವವರಿಗೆ ಅದೇ ಕಾಯ್ದೆಯಲ್ಲಿ ವಿಮೆಯ ದಾರಿ ಇತ್ತು. ಮೊದಲೇ ಬೆಲೆ ಹೇಳಬೇಕು, ಅದಕ್ಕೆ ತಕ್ಕ ಶುಲ್ಕ ಕಟ್ಟಬೇಕು, ಅರಗಿನ ಮುದ್ರೆ ಒತ್ತಿ ಕೊಡಬೇಕು. ಹೇಳದ ಬೆಲೆಯನ್ನು ಕಳೆದ ಮೇಲೆ ಕೇಳಿದರೆ ಸಿಗದು.

ವಿ.ಪಿ.ಪಿ.ಗೆ ಇನ್ನೂ ಎರಡು ಮಾತು ಸೇರಿದವು. ಒಂದು, ಕೊಂಡವರಿಂದ ಹಣ ಕೈಗೆ ಬರುವವರೆಗೆ ಆ ಹಣಕ್ಕೆ ಸರ್ಕಾರ ಹೊಣೆಯಲ್ಲ. ಎರಡು, ನಿಜವಾದ ಆರ್ಡರ್ ಬಂದಿದ್ದರಿಂದಲೇ ಕಳಿಸುತ್ತಿದ್ದೇನೆ ಎಂದು ಕಳಿಸುವವರಿಂದ ಬರೆಸಿಕೊಳ್ಳುವ ನಿಯಮ ಮಾಡಲು ಕಾಯ್ದೆ ಅಧಿಕಾರ ಕೊಟ್ಟಿತು. ಮೋಸ ಕಂಡರೆ ಪಡೆದ ಹಣವನ್ನು ತಡೆಹಿಡಿದು ಕೊಂಡವರಿಗೇ ಮರಳಿಸುವ ನಿಯಮಕ್ಕೂ ಅವಕಾಶವಿತ್ತು. ಕೇಳದವರಿಗೆ ಪಾರ್ಸೆಲ್ ಕಳಿಸಿ ದುಡ್ಡು ಕೀಳುವ ಆಟವನ್ನು ಕಾಯ್ದೆ ಬರೆದವರು ಆಗಲೇ ಕಂಡಿದ್ದರು.

ಗಡಿ ದಾಟಿದ ಪಾರ್ಸೆಲ್‌ಗಳು

ಈ ಮಾತುಗಳಿಗೆ ಎಷ್ಟು ಬಲವಿತ್ತು ಎಂಬುದು ದೇಶ ವಿಭಜನೆಯ ನಂತರದ ಒಂದು ಪ್ರಕರಣದಲ್ಲಿ ಕಾಣುತ್ತದೆ. ಭಾರತದ ಒಬ್ಬ ವರ್ತಕರು ಪಾಕಿಸ್ತಾನದ ಗಿರಾಕಿಗಳಿಗೆ ವಿ.ಪಿ.ಪಿ.ಯಲ್ಲಿ ಪಾರ್ಸೆಲ್ ಕಳಿಸಿದರು. ಅಲ್ಲಿ ಪಾರ್ಸೆಲ್ ತಲುಪಿತು, ಗಿರಾಕಿಗಳು ಹಣವನ್ನೂ ಕೊಟ್ಟರು. ಆದರೆ ಎರಡು ದೇಶಗಳ ನಡುವೆ ಮನಿಯಾರ್ಡರ್ ವ್ಯವಹಾರ ನಿಂತಿದ್ದರಿಂದ ಹಣ ಈ ಕಡೆ ಬರಲಿಲ್ಲ. ವರ್ತಕರು ಭಾರತ ಸರ್ಕಾರದ ಮೇಲೆ ದಾವೆ ಹೂಡಿದರು.

ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ತೀರ್ಪು ಬರುವಷ್ಟರಲ್ಲಿ ಸುಮಾರು 30 ವರ್ಷ ಕಳೆದಿತ್ತು. ಅಂಚೆ ಕಚೇರಿ ಕಳಿಸುವವರ ಏಜೆಂಟ್ ಅಲ್ಲ, ಅದು ಕಾಯ್ದೆ ಹಾಕಿಕೊಟ್ಟ ಮಿತಿಯಲ್ಲಿ ನಡೆಯುವ ಸರ್ಕಾರಿ ಸೇವೆ ಎಂದಿತು ನ್ಯಾಯಾಲಯ. ಭಾರತ ಸರ್ಕಾರದ ಕೈಗೆ ಹಣ ಬಂದಿಲ್ಲವಾದ್ದರಿಂದ ಹೊಣೆಯೂ ಇಲ್ಲ. ಸಾಮಾನು ಹೋಯಿತು, ಕೊಂಡವರು ಹಣವನ್ನೂ ಕೊಟ್ಟರು, ಆದರೂ ಮಾರಿದವರ ಕೈ ಬರಿದು.

ಲಾರಿ ಮತ್ತು ಕೊರಿಯರ್ ದಾರಿ

ಖಾಸಗಿ ಸಾಗಣೆಯವರಿಗೆ ಕಾನೂನು ಇಷ್ಟು ರಕ್ಷಣೆ ಕೊಟ್ಟಿರಲಿಲ್ಲ. 1865ರ ಕ್ಯಾರಿಯರ್ಸ್ ಕಾಯ್ದೆಯ ಪ್ರಕಾರ ಸಾಮಾನು ಕಳೆದಾಗ ಸಾಗಣೆಯವರ ನಿರ್ಲಕ್ಷ್ಯವನ್ನು ದೂರುವವರು ಸಾಬೀತು ಮಾಡಬೇಕಿರಲಿಲ್ಲ. ಆದರೆ ಅಲ್ಲಿಯೂ ಒಂದು ಷರತ್ತಿತ್ತು. ಚಿನ್ನ, ಬೆಳ್ಳಿ, ರೇಷ್ಮೆಯಂಥ ಪಟ್ಟಿಯಲ್ಲಿದ್ದ ವಸ್ತುಗಳ ಬೆಲೆ 100 ರೂಪಾಯಿ ಮೀರಿದ್ದರೆ, ಅದೇನು, ಅದರ ಬೆಲೆ ಎಷ್ಟು ಎಂದು ಮೊದಲೇ ಹೇಳಿರಬೇಕು. ಹೇಳದಿದ್ದರೆ ಹೊಣೆ ಇಲ್ಲ.

ಆ ಕಾಯ್ದೆಯ ಜಾಗಕ್ಕೆ 2007ರ ರಸ್ತೆ ಸಾಗಣೆ ಕಾಯ್ದೆ ಬಂತು. ಅದು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಇದರಲ್ಲಿ ಮಾರುವವರು ಗಮನಿಸಬೇಕಾದ ಮೂರು ಅಂಶಗಳಿವೆ. ಮನೆಬಾಗಿಲಿಗೆ ತಲುಪಿಸುವ ಕೊರಿಯರ್ ಏಜೆನ್ಸಿಯೂ ಸಾಗಣೆದಾರರ ವ್ಯಾಖ್ಯೆಯೊಳಗೆ ಬರುತ್ತದೆ, ಸರ್ಕಾರ ಬರುವುದಿಲ್ಲ. ಹೆಚ್ಚಿನ ಅಪಾಯದ ದರ ಕಟ್ಟಲು ಒಪ್ಪದಿದ್ದರೆ ಪರಿಹಾರ ನಿಯಮದಲ್ಲಿ ಹೇಳಿದ ಮಿತಿಯೊಳಗೇ ಇರುತ್ತದೆ. ದಾವೆ ಹೂಡುವ ಮೊದಲು, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು. ಎಣಿಕೆ ಶುರುವಾಗುವುದು ಬುಕ್ ಮಾಡಿದ ದಿನದಿಂದ, ಕಳೆದದ್ದು ಗೊತ್ತಾದ ದಿನದಿಂದಲ್ಲ. "ಇವತ್ತು ನೋಡುತ್ತೇವೆ, ನಾಳೆ ನೋಡುತ್ತೇವೆ" ಎಂಬ ಫೋನ್ ಮಾತಿನಲ್ಲಿ ಆ ದಿನಗಳು ಮುಗಿದುಹೋಗುತ್ತವೆ.

ರಸೀದಿಯ ಹಿಂದಿನ ಸಣ್ಣ ಅಕ್ಷರಕ್ಕೆ ಎಷ್ಟು ಬೆಲೆ ಎಂಬುದಕ್ಕೆ 1996ರ ಸುಪ್ರೀಂ ಕೋರ್ಟ್ ತೀರ್ಪು ಸಾಕ್ಷಿ. ಭಾರತಿ ನಿಟ್ಟಿಂಗ್ ಕಂಪನಿ ಜರ್ಮನಿಯ ಖರೀದಿದಾರರಿಗೆ ಬಟ್ಟೆ ಮಾರಿ, ಅದರ ದಾಖಲೆಪತ್ರಗಳನ್ನು 1990ರಲ್ಲಿ ಡಿಎಚ್ಎಲ್ ಕೊರಿಯರ್‌ನಲ್ಲಿ ಕಳಿಸಿತ್ತು. ಲಕೋಟೆ ತಲುಪಲಿಲ್ಲ. ಖರೀದಿದಾರರು ಕಡಿಮೆ ಹಣ ಕೊಟ್ಟರು. ರಾಜ್ಯ ಗ್ರಾಹಕ ಆಯೋಗ 4 ಲಕ್ಷ ರೂಪಾಯಿಗೂ ಮೀರಿದ ಪರಿಹಾರಕ್ಕೆ ಆದೇಶಿಸಿತು. ಆದರೆ ಸಹಿ ಮಾಡಿದ ರಸೀದಿಯಲ್ಲಿ ಕೊರಿಯರ್‌ನ ಹೊಣೆ 100 ಡಾಲರ್‌ಗೆ ಸೀಮಿತ ಎಂದಿತ್ತು. ರಾಷ್ಟ್ರೀಯ ಆಯೋಗ ಪರಿಹಾರವನ್ನು ಅಷ್ಟಕ್ಕೇ ಇಳಿಸಿತು. ಸಹಿ ಹಾಕಿದವರು ಷರತ್ತಿಗೆ ಬದ್ಧರು ಎಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಹೊಣೆ ಮಾರುವವರ ಕಡೆ ವಾಲಿದ್ದು

ಮಾರುವವರು ಮತ್ತು ಕೊಳ್ಳುವವರ ನಡುವಿನ ಲೆಕ್ಕ ಬೇರೆ. 1930ರ ಸರಕು ಮಾರಾಟ ಕಾಯ್ದೆಯಂತೆ, ಒಪ್ಪಂದದ ಪ್ರಕಾರ ಸಾಮಾನನ್ನು ಸಾಗಣೆದಾರರ ಕೈಗೆ ಕೊಟ್ಟರೆ ಮೇಲ್ನೋಟಕ್ಕೆ ಕೊಂಡವರಿಗೇ ಕೊಟ್ಟಂತೆ. ಆದರೆ ಮಾರುವವರು ಸಾಗಣೆಯ ಏರ್ಪಾಡನ್ನು ಜವಾಬ್ದಾರಿಯಿಂದ ಮಾಡಿರಬೇಕು.

ಆನ್‌ಲೈನ್ ಮಾರಾಟ ಬಂದಮೇಲೆ ತಕ್ಕಡಿ ವಾಲಿತು. 2020ರ ಜುಲೈನಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ಅವಧಿಗಿಂತ ತಡವಾಗಿ ತಲುಪಿದ ಸಾಮಾನಿಗೂ ಮಾರಿದವರು ಹಣ ವಾಪಸ್ ನಿರಾಕರಿಸುವಂತಿಲ್ಲ. ಕೈಮೀರಿದ ಕಾರಣದ ತಡಕ್ಕೆ ಮಾತ್ರ ವಿನಾಯಿತಿ. ತಲುಪದೇ ಹೋದದ್ದರ ಮಾತು ಬೇರೆ ಹೇಳಬೇಕಿಲ್ಲ. ಕೊಂಡವರು ತಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 1915ಕ್ಕೆ ಕರೆ ಮಾಡಬಹುದು. ಇದು ನ್ಯಾಯವೇ, ನಾವೆಲ್ಲರೂ ಒಂದಲ್ಲ ಒಂದು ದಿನ ಕೊಳ್ಳುವವರೇ. ಆದರೆ ಮಾರುವವರು ಕೊರಿಯರ್ ಮೇಲೆ ಅದೇ ಆಯೋಗಕ್ಕೆ ಹೋದರೆ, ಸೇವೆ ಪಡೆದದ್ದು ವ್ಯಾಪಾರಕ್ಕೆ, ನೀವು ಗ್ರಾಹಕರೇ ಅಲ್ಲ ಎಂಬ ವಾದ ಎದುರಾಗುತ್ತದೆ. ದೊಡ್ಡ ಕಂಪನಿಗೆ ಇದು ಸಣ್ಣ ಪೆಟ್ಟು. ಸ್ವಸಹಾಯ ಸಂಘದ ಸಾಲದಲ್ಲಿ ನೂಲು ತಂದವರಿಗೆ ಒಂದು ತಿಂಗಳ ಕಂತು.

ಅಂಚೆಯ ಕಾನೂನು ಬದಲಾಯಿತಲ್ಲ ಎಂದು ನೀವು ಕೇಳಬಹುದು. ಬದಲಾಯಿತು. 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಗೆ ಬಂದು 1898ರ ಕಾಯ್ದೆ ರದ್ದಾಯಿತು. ಆದರೆ ಅದರ 10ನೇ ಕಲಮೂ ಹೇಳುವುದು ಅದನ್ನೇ: ನಿಯಮದಲ್ಲಿ ಒಪ್ಪಿದಷ್ಟು ಬಿಟ್ಟು ಅಂಚೆಗೆ ಬೇರೆ ಹೊಣೆ ಇಲ್ಲ. ಸ್ಪೀಡ್ ಪೋಸ್ಟ್ ವಸ್ತು ಕಳೆದರೆ ಬಹುಕಾಲದಿಂದ ಇರುವ ಪರಿಹಾರ, ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಇದರಲ್ಲಿ ಯಾವುದು ಕಡಿಮೆಯೋ ಅದು. ಶುಲ್ಕ 80 ರೂಪಾಯಿ ಆಗಿದ್ದರೆ 160 ಸಿಗುತ್ತದೆ, ಒಳಗಿನ ಸೀರೆಯ ಬೆಲೆ ಎಷ್ಟೇ ಇರಲಿ.

ಹಳೆಯ ಕಾಯ್ದೆಗಳು ಕಲಿಸುವ ನಾಲ್ಕು ಕೆಲಸ

1865, 1898, 2007, 2023. ಯಾವ ಕಾಯ್ದೆ ತೆಗೆದರೂ ಕಳೆದ ಮೇಲೆ ಏನು ಸಿಗುತ್ತದೆ ಎಂಬುದು ಕಳಿಸುವ ಮೊದಲು ಏನು ಬರೆಸಿದಿರಿ ಎಂಬುದರ ಮೇಲೆ ನಿಂತಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ.

ಮೊದಲನೆಯದು ಆರ್ಡರ್‌ನ ಪುರಾವೆ. ಕೊಂಡವರು ಹೆಸರು, ವಿಳಾಸ, ಪಿನ್‌ಕೋಡ್ ಬರೆದು ಕಳಿಸಿದ ಮೆಸೇಜ್ ಅಳಿಸಬೇಡಿ. ಫೋನಿನಲ್ಲಿ ಬಾಯಿಮಾತಿಗೆ ವಿಳಾಸ ಹೇಳಿದರೆ, ಅದನ್ನು ನೀವೇ ಬರೆದು ಕಳಿಸಿ "ಸರಿ" ಎಂಬ ಉತ್ತರ ಪಡೆಯಿರಿ.

ಎರಡನೆಯದು ಬೆಲೆ. ನಿಮಗೆ ತಡೆಯಲಾಗದಷ್ಟು ಬೆಲೆಯ ವಸ್ತುವಾದರೆ ಕೌಂಟರ್‌ನಲ್ಲಿ ವಿಮೆ ಕೇಳಿ. ಕೊರಿಯರ್ ಆದರೆ ಕಳೆದಾಗ ಎಷ್ಟು ಕೊಡುತ್ತೀರಿ, ರಸೀದಿಯಲ್ಲಿ ಎಲ್ಲಿ ಬರೆದಿದೆ ಎಂದು ಸಹಿಗೆ ಮೊದಲು ಕೇಳಿ. ಶುಲ್ಕ ಉಳಿಸಲು ಬೆಲೆ ಕಡಿಮೆ ಬರೆಸಿದರೆ, ಮುಂದೆ ಅದೇ ನಿಮ್ಮ ವಿರುದ್ಧದ ಸಾಕ್ಷಿ.

ಮೂರನೆಯದು ಒಪ್ಪಿಸಿದ ಪುರಾವೆ. ಅಂದು ಅರಗಿನ ಮುದ್ರೆ ಮಾಡಿದ ಕೆಲಸವನ್ನು ಇಂದು ನಿಮ್ಮ ಫೋನ್ ಮಾಡಬಲ್ಲದು. ವಸ್ತು ಒಳಗಿಡುವುದು, ಅಂಟಿಸುವುದು, ಲೇಬಲ್ ನಂಬರ್, ತಕ್ಕಡಿಯ ತೂಕ, ಇಷ್ಟನ್ನೂ ನಡುವೆ ನಿಲ್ಲಿಸದೆ ಒಂದೇ ವಿಡಿಯೋದಲ್ಲಿ ತೆಗೆಯಿರಿ. ರಸೀದಿಯಲ್ಲಿ ತೂಕ ಬರೆದಿದೆಯೇ ನೋಡಿ.

ನಾಲ್ಕನೆಯದು ದಿನಾಂಕ. ಬಂದಿಲ್ಲ ಎಂಬ ಸುದ್ದಿ ಬಂದ ದಿನವೇ ಸಾಗಿಸಿದವರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. "ತಲುಪಿದೆ" ಎಂದರೆ ಯಾರ ಸಹಿ, ಯಾವ ಹೊತ್ತು, ಯಾವ ಜಾಗ, ಒ.ಟಿ.ಪಿ. ಪಡೆದಿದ್ದರೇ ಎಂದು ಕೇಳಿ. ಆ್ಯಪ್ ಮೂಲಕ ಮಾರಿದ್ದರೆ ಆ ಆ್ಯಪ್‌ನ ಕ್ಲೇಮ್ ಗಡುವು ಬೇರೆ ಇರುತ್ತದೆ, ಅದು 180 ದಿನಕ್ಕಿಂತ ಬಹಳ ಕಡಿಮೆ ಇರಬಹುದು. ಕೊಂಡವರ ಜೊತೆ ಜಗಳ ಬೇಡ. ಪಕ್ಕದ ಮನೆಯಲ್ಲಿ, ಅಂಗಡಿಯಲ್ಲಿ ಕೊಟ್ಟಿದ್ದಾರೆಯೇ ವಿಚಾರಿಸಲು ಹೇಳಿ. ತಲುಪಿಲ್ಲ ಎಂದು ಅವರಿಂದಲೂ ಒಂದು ಸಾಲು ಬರೆಸಿಕೊಳ್ಳಿ. ನಿಮ್ಮ ಕ್ಲೇಮಿಗೆ ಅದೂ ಬೇಕಾಗುತ್ತದೆ.

ಇನ್ನೊಂದು ಮಾತು. ಈಗಿನ ಕೌಂಟರ್ ರಸೀದಿಗಳ ಅಕ್ಷರ ಬಿಸಿಲಿಗೆ, ಬೆವರಿಗೆ ಬೇಗ ಮಾಸುತ್ತದೆ. ಕೌಂಟರ್ ಬಿಟ್ಟು ಹೊರಡುವ ಮೊದಲೇ ಅದರ ಫೋಟೋ ತೆಗೆದಿಡಿ.